ಕಳೆ ಬರುವ ಔಷಧಿ

ಮಗಳು ಕಟ್ಟಿದ ನೆರಳುಬಲೆಯ ಕೆಳಗೆ ಕಾಲಿಡುವುದಿಲ್ಲ ಎಂದು ಚೆನ್ನಕೇಶವ ಹಟ ಹಿಡಿದು ವರ್ಷವಾಗುತ್ತ ಬಂದಿತ್ತು. ಹಟವೆಂದರೆ ಅಂತಿಂಥದ್ದಲ್ಲ. ಬಲೆಯ ಮಗ್ಗುಲಿನ ಕಾಲುದಾರಿಯನ್ನೂ ಅವನು ಬಿಟ್ಟುಬಿಟ್ಟಿದ್ದ. ಹಸು ಆಚೆ ಬದಿಯಲ್ಲಿ ಮೇಯುತ್ತಿದ್ದರೆ ರಾಗಿ ಹೊಲವನ್ನೆಲ್ಲ ಸುತ್ತಿ ಹೋಗಿ ಹಿಡಿದು ತರುತ್ತಿದ್ದ. ಕೊನೆಕೊನೆಗೆ ಹಸುವಿಗೇ ಬೇಸರವಾಗಿ, ಇವನು ಹೊಲ ಸುತ್ತುವ ಹೊತ್ತಿಗೆ ಅದು ಕಾಲುದಾರಿ ಹಿಡಿದು ಮನೆ ಸೇರಿರುತ್ತಿತ್ತು. ಊರಿನವರಿಗೆ ಇದೊಂದು ತಮಾಷೆಯಾಗಿತ್ತು.

ಪವಿತ್ರ ಅವನ ಒಬ್ಬಳೇ ಮಗಳು. ಗಡಿಯಾಚೆಯ ತಮಿಳು ಸೀಮೆಯಲ್ಲಿ, ಕೆಲಮಂಗಲದಿಂದ ಡೆಂಕಣಿಕೋಟೆಗೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗಿದ್ದ ಆ ಊರಿನಲ್ಲಿ, ಫೋನಿನ ಬಿಡಿಭಾಗ ಮಾಡುವ ಫ್ಯಾಕ್ಟರಿಗೆ ಸೇರಿದ ಮೊದಲ ಹೆಣ್ಣುಮಗಳು ಅವಳೇ. ಕತ್ತಲು ಹರಿಯುವ ಮೊದಲೇ ಕಂಪನಿ ಬಸ್ಸು ರಸ್ತೆಗೆ ಬಂದು ನಿಲ್ಲುತ್ತಿತ್ತು. ಅವಳ ಕುತ್ತಿಗೆಯಲ್ಲಿ ನೀಲಿ ದಾರದಲ್ಲಿ ತೂಗುತ್ತಿದ್ದ ಕಾರ್ಡನ್ನು ಚೆನ್ನಕೇಶವ ಬಂಗಾರದ ಸರಕ್ಕಿಂತ ಹೆಚ್ಚು ಮೆಚ್ಚಿದ್ದ. ನೆಂಟರು ಬಂದರೆ, "ಆ ಕಾರ್ಡು ಒಸಿ ತೋರ್ಸವ್ವಾ" ಎನ್ನುತ್ತಿದ್ದ. ಅವನೋ ಟೊಮೆಟೊ ಬೆಳೆದು ರಸ್ತೆ ಬದಿಗೆ ಸುರಿದವನು, ಕೋಸು ಬೆಳೆದು ಹಸುವಿಗೆ ಹಾಕಿದವನು, ಕೊಯ್ಲಿಗೆ ಬಂದ ರಾಗಿಯಲ್ಲಿ ಆನೆ ನಡೆದುಹೋದ ಬೆಳಿಗ್ಗೆ ಬದುವಿನ ಮೇಲೆ ಕೂತು ಮಗುವಿನ ಹಾಗೆ ಅತ್ತವನು. ತನ್ನ ಮಗಳ ಉಗುರಿನ ಸಂದಿಯಲ್ಲಿ ಮಣ್ಣಿರಬಾರದು ಎಂಬುದೊಂದೇ ಅವನ ಆಸೆ.

ಹೆಂಡತಿ ರಾಮಕ್ಕ ನೋಡುತ್ತಿದ್ದುದೇ ಬೇರೆ. "ಮಗೀನ್ ಮುಖ ನೋಡು. ಎಂಗಿದ್ದೋಳು ಎಂಗಾಗೋದ್ಲು. ಒಂಚೂರಾದ್ರೂ ಕಳೆ ಅದಾ?" ಎಂದು ರಾಗ ಎಳೆಯುತ್ತಿದ್ದಳು. ಅವಳ ಮಾತು ಸುಳ್ಳಾಗಿರಲಿಲ್ಲ. ದಿನವಿಡೀ ನಿಂತೇ ಕೆಲಸ, ತಲೆಗೆ ಟೋಪಿ, ಬಾಯಿಗೆ ಬಟ್ಟೆ, ಕಿಟಕಿಯಿಲ್ಲದ ಹಾಲಿನಲ್ಲಿ ಟ್ಯೂಬ್‌ಲೈಟು. ಪವಿತ್ರ ಬಿಸಿಲನ್ನು ನೋಡುತ್ತಿದ್ದುದು ಭಾನುವಾರ ಮಾತ್ರ. ಊಟಕ್ಕೆ ಕೂತರೆ ತಟ್ಟೆಯ ಮುಂದೆಯೇ ತೂಕಡಿಸುತ್ತಿದ್ದಳು.

ಅಂಥ ಒಂದು ಭಾನುವಾರ ಅವಳು ಹೊಸೂರಿನಲ್ಲಿ ನಡೆಯುವ ತರಬೇತಿಯ ಸುದ್ದಿ ತಂದಳು. ಓದಿದ ಹುಡುಗ ಹುಡುಗಿಯರು ಬೇಸಾಯವನ್ನೇ ಉದ್ಯಮ ಮಾಡಿಕೊಳ್ಳಬೇಕು, ಇನ್ನೊಬ್ಬರ ಕೈಕೆಳಗೆ ದುಡಿಯುವುದು ಬಿಟ್ಟು ತಾವೇ ನಾಲ್ಕು ಜನಕ್ಕೆ ಕೆಲಸ ಕೊಡಬೇಕು ಎಂದು ಹುರಿದುಂಬಿಸುವ ತರಬೇತಿ. ಎಲ್ಲವೂ ತಮಿಳಿನಲ್ಲಿ. ಪವಿತ್ರ ಓದಿದ್ದು ತಮಿಳಿನಲ್ಲೇ. ಚೆನ್ನಕೇಶವ ನಾಲ್ಕನೇ ಕ್ಲಾಸಿನವರೆಗೆ ಓದಿದ್ದು ಕನ್ನಡ. ತಮಿಳು ಮಾತಾಡಿದರೆ ಅವನಿಗೆ ಮುಕ್ಕಾಲು ತಿಳಿಯುತ್ತಿತ್ತು, ಅಕ್ಷರ ಮಾತ್ರ ಕೋಳಿ ಕೆದರಿದ ಹಾಗೆ ಕಾಣುತ್ತಿತ್ತು.

"ಅಲ್ಲೇನ್ ಮಾಡ್ತಾರೆ ನಿಮ್ಮುನ್ನ?" ಎಂದು ಕೇಳಿದ.

"ತೊಳಿಲ್ ಮುನೈವೋರ್ ಮಾಡ್ತಾರಪ್ಪ."

"ಮುನಿಯೋರಾ? ಯಾರ್ ಮ್ಯಾಲೆ ಮುನಿಯೋರು?"

"ಮುನಿಯೋರಲ್ಲಪ್ಪ, ಮುನೈವೋರ್. ಅಂದ್ರೆ ಸ್ವಂತಕ್ಕೆ ಉದ್ಯೋಗ ಸುರು ಮಾಡೋರು."

"ಮುನಿಸ್ಕೊಳ್ಳಾಕೂ ಟ್ರೈನಿಂಗಾ! ನಿಮ್ಮವ್ವನ್ನ ಕಳ್ಸು, ಅವ್ಳೇ ಪಾಠ ಮಾಡಿ ಬತ್ತಾಳೆ" ಎಂದು ನಕ್ಕ. ರಾಮಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಆ ವಿಷಯಕ್ಕೆ ಮೂವರೂ ಕೂಡಿ ನಕ್ಕಿದ್ದು ಅದೇ ಮೊದಲು, ಅದೇ ಕೊನೆ.

ಏಕೆಂದರೆ ತರಬೇತಿ ಮುಗಿಸಿದ ಪವಿತ್ರ ಫ್ಯಾಕ್ಟರಿಯ ಕಾರ್ಡನ್ನು ಹಿಂದಕ್ಕೆ ಕೊಟ್ಟು ಬಂದಳು. ಬೋರ್‌ವೆಲ್ ಪಕ್ಕದ ತುಂಡು ನೆಲದಲ್ಲಿ ನೆರಳಿಗೆ ಬಲೆ ಕಟ್ಟಿ ತರಕಾರಿ ಸಸಿಗಳ ನರ್ಸರಿ ಮಾಡುತ್ತೇನೆ ಎಂದಳು. ಟೊಮೆಟೊ, ಕೋಸು, ದಪ್ಪ ಮೆಣಸಿನಕಾಯಿ ಹಾಕುವ ರೈತರಿಗೆ, ಪುಟ್ಟ ಪುಟ್ಟ ಗುಳಿಗಳಿರುವ ಟ್ರೇಗಳಲ್ಲಿ ತೆಂಗಿನ ನಾರಿನ ಪುಡಿ ತುಂಬಿ, ಬೀಜ ಹಾಕಿ, ನೆಡುವ ಹದಕ್ಕೆ ಬೆಳೆಸಿ ಕೊಡುವ ಕೆಲಸ. ಕೇಳುತ್ತಿದ್ದ ಹಾಗೆ ಚೆನ್ನಕೇಶವನಿಗೆ ಸಿಟ್ಟು ನೆತ್ತಿಗೇರಿತು. ಅಂಗಳಕ್ಕೆ ಬಂದು ಬೀದಿಗೆ ಕೇಳುವ ಹಾಗೆ ಕೂಗಾಡಿದ. ಪಕ್ಕದ ಮನೆಯ ಪಿಳ್ಳಮ್ಮ ರಾಗಿ ಕೇರುತ್ತಿದ್ದ ಮೊರ ಹಿಡಿದುಕೊಂಡೇ ಹೊರಗೆ ಬಂದು ನಿಂತಳು.

"ಕಟ್ಟು, ಕಟ್ಟು ನಿನ್ ಬಲೇನ! ಅದ್ರ ಕೆಳ್ಗೆ ಏನೇನ್ ಹುಟ್ತದೋ ಎಲ್ಲಾನೂ ಒಂದಿನ ಸುಟ್ಟು ಬೂದಿ ಮಾಡ್ದೆ ಇದ್ರೆ ನನ್ ಹೆಸ್ರು ಚೆನ್ನಕೇಶವ ಅಲ್ಲ, ತಿಳ್ಕೋ!"

ಸಿಟ್ಟು ಬಂದಾಗ ಗಂಡಸರು ಆಡುವ ಮಾತು. ಆಡಿದವನು ಮುದ್ದೆ ಮುರಿಯುವ ಹೊತ್ತಿಗೆ ಮರೆತಿದ್ದ. ಪಿಳ್ಳಮ್ಮ ಮರೆಯಲಿಲ್ಲ, ಪವಿತ್ರಳೂ ಮರೆಯಲಿಲ್ಲ. ರಾಮಕ್ಕ ನಡುವೆ ಬಂದು ಒಂದು ರಾಜಿ ಮಾಡಿದಳು. "ಬರೋ ದೀಪಾವಳಿಗಂಟ ಮಾಡ್ಲಿ ಬಿಡು. ನಿಂತ್ಕೊಂಡ್ರೆ ನಿಂತ್ಕೊಂಡ್ತು. ಇಲ್ದಿದ್ರೆ ಅದೇ ಬಸ್ ಹತ್ಲಿ" ಎಂದಳು. ಅದಕ್ಕೆ ಅಪ್ಪ ಮಗಳು ಇಬ್ಬರೂ ಒಪ್ಪಿದರು. ಒಬ್ಬರ ಮುಖ ಒಬ್ಬರು ನೋಡಲಿಲ್ಲ ಅಷ್ಟೆ.

ನರ್ಸರಿ ನಿಂತುಕೊಂಡಿತು. ಮೊದಮೊದಲು ಬೀಜ ಸರಿಯಾಗಿ ಮೊಳೆಯದೆ, ಇಲಿ ಬಂದು ಕೆದರಿ, ಗಾಳಿಗೆ ಬಲೆ ಹರಿದು ಪವಿತ್ರ ಪಡಬಾರದ ಪಾಡು ಪಟ್ಟಳು. ಆದರೆ ಆಷಾಢದ ಗಾಳಿ ಕಳೆಯುವ ಹೊತ್ತಿಗೆ ಸುತ್ತಲಿನ ರೈತರು ಬೈಕಿನ ಮೇಲೆ ಬಂದು ಟ್ರೇ ಕಟ್ಟಿಕೊಂಡು ಹೋಗತೊಡಗಿದರು. ಸೂಳಗಿರಿಯಲ್ಲಿ ದೊಡ್ಡದಾಗಿ ಟೊಮೆಟೊ ಬೆಳೆಯುವ ಶ್ರೀನಿವಾಸ್ ಎಂಬವರು ಒಮ್ಮೆ ಒಯ್ದು ನೋಡಿ, ಮುಂದಿನ ಬೆಳೆಗೆ ಪೂರಾ ಸಸಿ ನಿನ್ನ ಹತ್ತಿರವೇ ಎಂದು ಮುಂಗಡವಾಗಿಯೇ ಹೇಳಿ ಹೋದರು. ಕೂಲಿಗೆ ಬರುತ್ತಿದ್ದ ಪಿಳ್ಳಮ್ಮ, "ಎಲ್ಲಾ ಸರಿ, ನಿಮ್ಮಪ್ಪ ಯಾವಾಗ ಬೆಂಕಿ ಇಕ್ಕೋದು?" ಎಂದು ರೇಗಿಸುತ್ತಿದ್ದಳು. ಪವಿತ್ರ ನಗುತ್ತಿದ್ದಳು. ಬಿಸಿಲಿಗೆ ಕಪ್ಪಾಗಿದ್ದಳು, ಉಗುರಿನ ತುಂಬ ಮಣ್ಣು. "ಈಗ ನೋಡು, ಮಗೀನ್ ಮುಖಕ್ಕೆ ಕಳೆ ಬಂತು" ಎಂದು ರಾಮಕ್ಕ ಗಂಡನಿಗೆ ಕೇಳಿಸುವ ಹಾಗೆ ಗೋಡೆಗೆ ಹೇಳುತ್ತಿದ್ದಳು.

ಚೆನ್ನಕೇಶವ ಒಳಗೊಳಗೇ ಯಾವಾಗ ಸೋತನೋ ಅವನಿಗೇ ಗೊತ್ತಿಲ್ಲ. ಗೊತ್ತಾದದ್ದು ಕೆಲಮಂಗಲದ ಟೀ ಅಂಗಡಿಯಲ್ಲಿ. ಪರಿಚಯವಿಲ್ಲದ ಯಾರೋ ಒಬ್ಬ ಇವನನ್ನು ಎರಡು ಸಲ ನೋಡಿ, "ನೀವು ನರ್ಸರಿ ಪವಿತ್ರನ ಅಪ್ಪ ಅಲ್ವಾ?" ಎಂದ. ಚೆನ್ನಕೇಶವನನ್ನು ಜನ ಅವನ ಅಪ್ಪನ ಹೆಸರಿನಿಂದ ಕರೆದಿದ್ದರು, ಹೊಲದ ಹೆಸರಿನಿಂದ ಕರೆದಿದ್ದರು, ಒಂದೆರಡು ಸಲ ಬೈಗುಳದಿಂದಲೂ ಕರೆದಿದ್ದರು. ಇದು ಹೊಸದು. ಟೀ ಲೋಟ ಕೈಯಲ್ಲಿ ಹಿಡಿದುಕೊಂಡು, "ಊಂ, ನಮ್ಮುಡ್ಗೀನೇ" ಎಂದ. ಹೊಟ್ಟೆಗೆ ಹಾಲು ಹೊಯ್ದ ಹಾಗಾಯಿತು. ಮನೆಗೆ ಬಂದು ಮಗಳಿಗೆ ಹೇಳಬೇಕು ಎಂದುಕೊಂಡ, ಆದರೆ ಬಾಯಿ ಬರಲಿಲ್ಲ. ವರ್ಷವಿಡೀ ಮಾತು ಬಿಟ್ಟ ಅಪ್ಪ ಒಮ್ಮೆಲೇ ಎಲ್ಲಿಂದ ಶುರು ಮಾಡುವುದು? ಆಗಲಿ, ದೀಪಾವಳಿ ಬರಲಿ ಎಂದು ಸುಮ್ಮನಾದ.

ಅಷ್ಟರಲ್ಲಿ ತರಬೇತಿ ಕೇಂದ್ರದ ಉಷಾರಾಣಿ ಮೇಡಂ ಫೋನು ಮಾಡಿದರು. ಕಾಲೇಜಿನ ಕೊನೆಯ ವರ್ಷದ ಮಕ್ಕಳನ್ನು ಬಸ್ಸಿನಲ್ಲಿ ಕರೆದುಕೊಂಡು ಪವಿತ್ರಳ ನರ್ಸರಿ ನೋಡಲು ಬರುತ್ತೇವೆ, ಅವರ ಮುಂದೆ ಅವಳೇ ಮಾತಾಡಬೇಕು ಎಂದರು. ಅವಳ ಫೋಟೋ ಹಾಕಿ ಪೋಸ್ಟರ್ ಕೂಡ ಮಾಡಿಸಿದರು. ಹಸಿರು ಟ್ರೇಯೊಂದನ್ನು ಎದೆಗೆ ಹಿಡಿದುಕೊಂಡು ಪವಿತ್ರ ನಗುತ್ತಿರುವ ಫೋಟೋ. ಊರಿನ ಬಸ್ ನಿಲ್ದಾಣದ ಗೋಡೆಗೆ ಒಂದನ್ನು ಅಂಟಿಸಿ ಹೋದರು. ಎಲ್ಲ ಚೆನ್ನಾಗಿ ನಡೆದರೆ ತಮ್ಮ ಕೇಂದ್ರದಿಂದ ರೈತರಿಗೆ ಹಂಚುವ ಸಸಿಯೂ ಇಲ್ಲಿಂದಲೇ ಎಂದು ಮೇಡಂ ಸೂಚನೆ ಕೊಟ್ಟಿದ್ದರು. ದೀಪಾವಳಿಗೆ ಇನ್ನು ವಾರವಿತ್ತು. ಷರತ್ತು ಗೆದ್ದ ಹಾಗೇ ಎಂದು ರಾಮಕ್ಕ ಚಕ್ಕುಲಿ ಹಿಟ್ಟಿಗೆ ಅಕ್ಕಿ ನೆನೆ ಹಾಕಿದಳು.

ಆಗ ಜಡಿ ಹಿಡಿಯಿತು. ಬಿಸಿಲೇ ಇಲ್ಲ, ಪಿರಿಪಿರಿ ಮಳೆ, ಮೋಡ. ಸೂಳಗಿರಿಗೆ ಹೋಗಬೇಕಿದ್ದ ಟೊಮೆಟೊ ಸಸಿ, ಮಕ್ಕಳಿಗೆ ತೋರಿಸಬೇಕಿದ್ದ ಕೋಸಿನ ಸಸಿ ಎಲ್ಲ ಸ್ವಲ್ಪ ಬಿಳಿಚಿಕೊಂಡವು. ಪವಿತ್ರ ಅದಕ್ಕೆ ಹೆದರಲಿಲ್ಲ. "ಒಂದೆರಡು ದಿನ ಬಿಸ್ಲು ಬಿದ್ರೆ ತಾನೇ ಸರಿಹೋಯ್ತದೆ" ಎಂದು ಅವ್ವನಿಗೆ ಹೇಳಿ, ಮಾರನೆಯ ದಿನದ ತಯಾರಿಗೆ ಮೇಡಂ ಕರೆದಿದ್ದರು ಎಂದು ಬೆಳಿಗ್ಗೆಯೇ ಹೊಸೂರಿಗೆ ಹೋದಳು.

ಅವಳು ಹೋದ ಮೇಲೆ ಚೆನ್ನಕೇಶವ ಅತ್ತ ಇತ್ತ ನೋಡಿ, ವರ್ಷದಲ್ಲಿ ಮೊದಲ ಸಲ ಬಲೆ ಎತ್ತಿ ಒಳಗೆ ಕಾಲಿಟ್ಟ. ಸಾಲುಸಾಲು ಟ್ರೇ. ಒಂದೊಂದು ಗುಳಿಗೆ ಒಂದೊಂದು ಸಸಿ, ಶಾಲೆಯ ಮಕ್ಕಳನ್ನು ಸಾಲಾಗಿ ನಿಲ್ಲಿಸಿದ ಹಾಗೆ. ಎಷ್ಟು ಅಚ್ಚುಕಟ್ಟು! ಅವನ ಕಣ್ಣು ತುಂಬಿತು. ಇಷ್ಟು ದಿನ ಬರದೆ ಹೋದೆನಲ್ಲ ಎಂದು ತನ್ನನ್ನು ತಾನೇ ಬೈದುಕೊಂಡ. ಆಮೇಲೆ ರೈತನ ಕಣ್ಣಿಗೆ ಸಸಿಯ ಬಣ್ಣ ಕಂಡಿತು. ನಾಳೆ ಇಷ್ಟು ಜನ ಬಂದು ನೋಡುವಾಗ ಪೈರು ಹೀಗೆ ಪೇಲವವಾಗಿದ್ದರೆ ಮಗಳ ಮರ್ಯಾದೆ ಏನಾದೀತು? ಈ ಒಂದು ಕೆಲಸ ತಾನು ಮಾಡಬೇಕು. ಹೇಳದೆ ಮಾಡಬೇಕು. ಬೆಳಿಗ್ಗೆ ಎದ್ದು ಅವಳು ನೋಡಿ, ಯಾರು ಮಾಡಿದ್ದು ಎಂದು ಕೇಳಿದಾಗ, ಟೀ ಅಂಗಡಿಯ ಮಾತನ್ನೂ ಹೇಳಿಬಿಡಬೇಕು. ಮೊಪೆಡ್ ಹತ್ತಿ ಕೆಲಮಂಗಲಕ್ಕೆ ಹೊರಟ.

ಅವನು ಯಾವಾಗಲೂ ಹೋಗುವ ಗೊಬ್ಬರದ ಅಂಗಡಿಯಲ್ಲಿ ಗೆಳೆಯ ವೆಂಕಿ ಇರಲಿಲ್ಲ. ವೆಂಕಿಗೆ ಕನ್ನಡ, ತೆಲುಗು, ತಮಿಳು ಮೂರೂ ನೀರು ಕುಡಿದಷ್ಟು ಸುಲಭ. ಅವನಿಗೆ ಮಂಡಿ ಆಪರೇಷನ್ ಆಗಿ, ಮಧುರೆ ಕಡೆಯ ಅಳಿಯ ಬಂದು ಗಲ್ಲಾದಲ್ಲಿ ಕೂತಿದ್ದ. ಮುಂದೆ ಗಿರಾಕಿಗಳ ಗುಂಪು.

"ಪೈರು ಸೊರಗ್‌ಬುಟ್ಟದೆ ಕಣಪ್ಪಾ. ಪೈರ್ಗೆ ಕಳೆ ಬರ್ಬೇಕು. ಒಳ್ಳೆ ಕಳೆ ಔಷ್ದಿ ಕೊಡು" ಎಂದ ಚೆನ್ನಕೇಶವ.

ಅಳಿಯ ಕಿವಿಗೊಟ್ಟು ಕೇಳಿದ. "ಪಯಿರ್‌ಲ ಕಳೈಯಾ?"

"ಊಂ, ಕಳೆ, ಕಳೆ. ಪಯಿರ್ಗೆ."

"ಎಲ್ಲಾ ವಗೈ ಕಳೈಯುಂ?"

ಎಲ್ಲ ತರಹದ್ದೂ ಎಂದು ಕೇಳುತ್ತಿದ್ದಾನೆ ಎಂದು ಇವನಿಗೆ ತಿಳಿಯಿತು. ಟೊಮೆಟೊಗೂ ಬೇಕು, ಕೋಸಿಗೂ ಬೇಕು. "ಎಲ್ಲಾದ್ಕೂನೂ" ಎಂದ. ಅಳಿಯ ಹಿಂದಿನ ಸಾಲಿನಿಂದ ಒಂದು ಬಾಟಲಿ ತೆಗೆದು, ಇದನ್ನು ಹೊಡೆದರೆ ಒಂದೇ ದಿನದಲ್ಲಿ ಗೊತ್ತಾಗುತ್ತದೆ ಎಂದು ತಮಿಳಿನಲ್ಲಿ ಹೇಳಿ, ಕ್ಯಾನಿಗೆ ಎಷ್ಟು ಮುಚ್ಚಳ ಎಂದು ಬೆರಳಲ್ಲಿ ತೋರಿಸಿದ. ಒಂದೇ ದಿನ ಎಂಬ ಮಾತು ಕೇಳಿ ಚೆನ್ನಕೇಶವನಿಗೆ ಖುಷಿಯೋ ಖುಷಿ. ನಾಳೆಗೆ ಬೇಕಾದದ್ದೂ ಅದೇ ಅಲ್ಲವೆ.

ಮಧ್ಯಾಹ್ನ ಮಳೆ ಬಿಟ್ಟು ಸ್ವಲ್ಪ ಬಿಸಿಲು ಬಂತು. ದೇವರೇ ಕಣ್ಣು ಬಿಟ್ಟ ಎಂದುಕೊಂಡ. ಸ್ಪ್ರೇಯರ್ ಕ್ಯಾನನ್ನು ತೊಳೆದು, ಬೆನ್ನಿಗೆ ಏರಿಸಿಕೊಂಡು, ಒಂದು ಟ್ರೇಯನ್ನೂ ಬಿಡದೆ ಹೊಡೆದ. ಎಲೆಯ ಮೇಲೆ ಹೊಡೆದು, ಬಾಗಿ ಎಲೆಯ ಅಡಿಗೂ ಹೊಡೆದ. ಮಗಳ ತಲೆಗೆ ಎಣ್ಣೆ ಹಚ್ಚುತ್ತಿದ್ದ ಕಾಲದಲ್ಲಿ ರಾಮಕ್ಕ ಕೂಡ ಅಷ್ಟು ನಿಧಾನ ಮಾಡಿರಲಿಲ್ಲ. "ಅವ್ಳನ್ನೊಂದ್ ಮಾತು ಕೇಳಿದ್ರೆ ಆಯ್ತಿರ್ಲಿಲ್ವಾ?" ಎಂದು ರಾಮಕ್ಕ ಬಂದು ಕೇಳಿದಾಗ, "ಸುಮ್ಕಿರೇ, ಬೆಳಿಗ್ಗೆ ನೋಡೀಯಂತೆ" ಎಂದ. ಪವಿತ್ರ ಊರಿಗೆ ಬಂದಾಗ ಕತ್ತಲಾಗಿತ್ತು, ಕರೆಂಟೂ ಇರಲಿಲ್ಲ. ಉಂಡವಳೇ ಮಲಗಿಬಿಟ್ಟಳು.

ಬೆಳಕು ಹರಿಯುವುದನ್ನೇ ಕಾದಿದ್ದ ಚೆನ್ನಕೇಶವ ಸ್ನಾನ ಮಾಡಿ, ಮದುವೆಗೆ ಹಾಕುವ ಬಿಳಿ ಶರಟು ತೊಟ್ಟು ಬಲೆಯ ಹತ್ತಿರ ಹೋದ. ಬಲೆ ಎತ್ತಿದ ಕೈ ಹಾಗೆಯೇ ನಿಂತಿತು. ಯಾರೋ ಕುದಿಯುವ ನೀರು ಎರಚಿದ ಹಾಗೆ ಸಸಿಗಳೆಲ್ಲ ಬೆಂದು, ಕಂದಿ, ಟ್ರೇಗೆ ಅಂಟಿಕೊಂಡು ಮಲಗಿದ್ದವು. ಈ ತುದಿಯಿಂದ ಆ ತುದಿಯವರೆಗೆ ಒಂದಾದರೂ ತಲೆ ಎತ್ತಿ ನಿಂತಿರಲಿಲ್ಲ. ಅಲ್ಲೇ ಕೂತ. "ಅಮ್ಮಣ್ಣೀ" ಎಂದು ಮಗಳನ್ನು ಕೂಗಿದ್ದು ಅವನದೇ ದನಿಯೆಂದು ಅವನಿಗೆ ಅನ್ನಿಸಲಿಲ್ಲ.

ಪವಿತ್ರ ಓಡಿ ಬಂದಳು. ಒಂದು ಎಲೆ ಕಿತ್ತು ಮೂಸಿದಳು. ಅಳಲಿಲ್ಲ. "ಏನಪ್ಪಾ ಹೊಡ್ದಿದ್ದು? ಬಾಟ್ಲಿ ಎಲ್ಲಿ?" ಎಂದಳು. ಅವನು ತಂದುಕೊಟ್ಟ. ಅವಳು ತಮಿಳಿನ ದಪ್ಪ ಅಕ್ಷರಗಳ ಮೇಲೆ ಬೆರಳಿಟ್ಟು ಓದಿದಳು.

"ಕಳೈಕ್ಕೊಲ್ಲಿ. ಕಳೆ ಕೊಲ್ಲೋ ಔಷ್ದಿ ಅಪ್ಪ ಇದು. ಹೊಲದಾಗಿನ ಕಳೆ."

"ಇಲ್ಲ ಕಣವ್ವ, ನಾನು ಕೇಳಿದ್ದು ಕಳೆ ಬರೋ ಔಷ್ದಿ. ಪೈರ್ಗೆ ಕಳೆ ಬರ್ಲಿ ಅಂತ! ಮುಖಕ್ಕೆ ಕಳೆ ಅಂತೀವಲ್ಲ, ಆ ಕಳೆ!"

ಹೇಳುತ್ತ ಹೇಳುತ್ತ ಅವನಿಗೇ ಅರ್ಥವಾಯಿತು. ಗೊಬ್ಬರದ ಅಂಗಡಿಯಲ್ಲಿ ಪೈರಿನ ಕಳೈ ಎಂದರೆ ಮಧುರೆಯ ಅಳಿಯನಿಗೆ ಹೊಲದ ಹುಲ್ಲು ಒಂದೇ. ಮುಖಕ್ಕೆ ಕಳೆ ಎನ್ನುವುದು ಅವನ ಭಾಷೆಯಲ್ಲೂ ಇದೆ, ಪೈರಿಗೆ ಹಾಗೆ ಯಾರೂ ಅನ್ನುವುದಿಲ್ಲ. ಚೆನ್ನಕೇಶವನ ತಲೆಗೋ ಆ ಹುಲ್ಲು ಹೊಳೆಯಲೇ ಇಲ್ಲ. ಅವನ ಹೊಲದಲ್ಲಿ ಕಳೆಯನ್ನು ಹೆಂಗಸರು ಬಗ್ಗಿ ಕೈಯಿಂದ ಕೀಳುತ್ತಿದ್ದರು. ಅದಕ್ಕೆ ಔಷಧಿ ಹೊಡೆದವನೇ ಅಲ್ಲ ಅವನು. ಅದರ ವಾಸನೆ ಕೂಡ ಅವನಿಗೆ ಗೊತ್ತಿರಲಿಲ್ಲ.

ಪವಿತ್ರ ಅವನನ್ನೇ ನೋಡುತ್ತ ನಿಂತಳು. ಬೇಸಾಯದಲ್ಲೇ ಮುದುಕನಾಗುತ್ತಿರುವ ಅಪ್ಪ, ವರ್ಷವಿಡೀ ಈ ಬಲೆಯ ಕೆಳಗೆ ಬಾರದ ಅಪ್ಪ, ತಾನು ಊರಲ್ಲಿಲ್ಲದ ದಿನವೇ ಬಂದು, ಜನ ನೋಡಲು ಬರುವ ಹಿಂದಿನ ದಿನವೇ, ಎಲೆಯ ಅಡಿಯನ್ನೂ ಬಿಡದೆ ಹೊಡೆದಿದ್ದಾನೆ. ಅವಳ ಕಣ್ಣಲ್ಲಿ ಈ ಲೆಕ್ಕ ನಡೆಯುವುದನ್ನು ಚೆನ್ನಕೇಶವ ಕಂಡ. ಬೇಲಿಯ ಆಚೆಯಿಂದ ಪಿಳ್ಳಮ್ಮನ ದನಿ ಕೇಳಿತು: "ಅಯ್ಯೋ ಶಿವನೇ! ಸುಟ್ಟಾಕ್ತೀನಿ ಅಂದಿದ್ದ, ಅಂದಂಗೇ ಮಾಡ್ಬುಟ್ಟ ನೋಡು!" ಪವಿತ್ರ ತಲೆ ತಗ್ಗಿಸಿದಳು. ಮಗಳು ಅದನ್ನು ನಂಬಿಬಿಟ್ಟಳು ಎಂದು ಅವನಿಗೆ ಗೊತ್ತಾಯಿತು.

ಬಸ್ಸು ಅಷ್ಟರಲ್ಲಿ ಊರು ಸೇರಿತ್ತು. ಬೇಡ ಎಂದು ಫೋನು ಮಾಡುವ ಹೊತ್ತೂ ಮೀರಿತ್ತು. ಮಕ್ಕಳು ಗಲಗಲ ಮಾತಾಡುತ್ತ ಇಳಿದರು, ಬಲೆಯ ಒಳಗೆ ಬಂದು ತಣ್ಣಗಾದರು. ಉಷಾರಾಣಿ ಮೇಡಂ ಒಂದು ಟ್ರೇ ಎತ್ತಿ ನೋಡಿ, ಇದೇನಾಯಿತು, ಯಾರು ಮಾಡಿದ್ದು ಎಂದು ತಮಿಳಿನಲ್ಲಿ ಕೇಳಿದರು.

"ನಾನ್ ದಾನ್ ಮೇಡಂ" ಎಂದಳು ಪವಿತ್ರ. ನಾನೇ, ಗೊತ್ತಾಗದೆ ಬೇರೆ ಬಾಟಲಿ ಹೊಡೆದುಬಿಟ್ಟೆ ಎಂದಳು.

ಚೆನ್ನಕೇಶವ ಎರಡು ಹೆಜ್ಜೆ ಮುಂದೆ ಬಂದ. "ಇಲ್ಲ ಮೇಡಂ, ಅದು ನಾನು..."

"ಅಪ್ಪಾ, ಸುಮ್ಕಿರು. ವೋಗಿ ಅವ್ರಿಗೆ ಕುಡಿಯೋಕೆ ನೀರ್ ತಗಂಬಾ."

ಬಿಳಿ ಶರಟಿನ ಚೆನ್ನಕೇಶವ ಕೊಡ ಹೊತ್ತು ತಂದು, ಮಕ್ಕಳಿಗೆ ಒಂದೊಂದೇ ಲೋಟ ನೀರು ಕೊಟ್ಟ. ಮೇಡಂ ಒಳ್ಳೆಯವರು, ಪವಿತ್ರಳ ಬೆನ್ನ ಮೇಲೆ ಕೈಯಿಟ್ಟು, ಇಷ್ಟು ಧೈರ್ಯವಾಗಿ ತಪ್ಪು ಒಪ್ಪಿಕೊಂಡಿದ್ದಕ್ಕೆ ಇವಳಿಗೆ ಚಪ್ಪಾಳೆ ಕೊಡಿ ಎಂದರು. ಮಕ್ಕಳು ಸತ್ತ ಸಸಿಗಳ ನಡುವೆ ನಿಂತು ಚಪ್ಪಾಳೆ ತಟ್ಟಿದರು. ಒಬ್ಬಳು, ನೀವು ಮತ್ತೆ ಕಂಪನಿಗೆ ಹೋಗ್ತೀರಾ ಅಕ್ಕಾ ಎಂದು ಕೇಳಿದಳು. ಪವಿತ್ರ ಆ ಹುಡುಗಿಯ ಚಪ್ಪಲಿಗೆ ಮೆತ್ತಿದ್ದ ಕೆಸರು ತೊಳೆಯಲು ನೀರು ಹಾಕಿದಳು. ಬೇರೆ ದಿನ ಮಾತಾಡೋಣ ಎಂದು ಹೇಳಿ ಮೇಡಂ ಬಸ್ಸು ಹತ್ತಿದರು. ಸೂಚನೆ ಕೊಟ್ಟಿದ್ದ ಸಸಿಯ ವಿಷಯ ಅವರೂ ಎತ್ತಲಿಲ್ಲ, ಇವಳೂ ಎತ್ತಲಿಲ್ಲ.

ಸಾಯಂಕಾಲ ಸೂಳಗಿರಿಯ ಶ್ರೀನಿವಾಸ್ ಸಸಿ ಒಯ್ಯಲು ವ್ಯಾನು ತಂದರು. ದಾರಿಯಲ್ಲೇ ಅವರಿಗೆ ಸುದ್ದಿ ಸಿಕ್ಕಿತ್ತು. "ನೀನೇ ಹೊಡ್ದೆ ಅಂತ ನೀನೇ ಒಪ್ಕೊಂಡ್ಯಂತೆ. ಕಳೆ ಔಷ್ದಿ ಯಾವ್ದು, ಪೈರಿನ್ ಔಷ್ದಿ ಯಾವ್ದು ಅಂತ ಗೊತ್ತಿಲ್ದೋರ ತಾವ ನಾನೆಂಗವ್ವಾ ಸಸಿ ತಗಳ್ಲಿ? ನಾಳೆ ನನ್ ಹೊಲ ಹಿಂಗಾದ್ರೆ?" ಎಂದರು. ಸಿಟ್ಟಿನಿಂದ ಹೇಳಲಿಲ್ಲ, ಮರುಕದಿಂದಲೇ ಹೇಳಿದರು. ಖಾಲಿ ವ್ಯಾನು ಹಿಂದಕ್ಕೆ ಹೋಯಿತು. ಅವರ ಹಿಂದೆ ಮಿಕ್ಕ ರೈತರೂ ಒಬ್ಬೊಬ್ಬರಾಗಿ ಫೋನಿನಲ್ಲೇ ಬೇಡವೆಂದರು. ಅಪ್ಪ ಮಾಡಿದ್ದು ಎಂದು ಒಂದು ಮಾತು ಹೇಳಿದ್ದರೆ ಅವಳ ಕೈಗುಣವನ್ನು ಯಾರೂ ದೂರುತ್ತಿರಲಿಲ್ಲ. ಅವಳು ಹೇಳಲಿಲ್ಲ.

ಚೆನ್ನಕೇಶವನಿಗೆ ನರ್ಸರಿ ಹೋದ ದುಃಖಕ್ಕಿಂತ ಇನ್ನೊಂದು ದುಃಖ ಹೆಚ್ಚಾಗಿತ್ತು. ಮಗಳು ಅವನ ಮೇಲೆ ಕೂಗಾಡಲಿಲ್ಲ. ತಟ್ಟೆ ಕುಕ್ಕಲಿಲ್ಲ, ಮಾತು ಬಿಡಲಿಲ್ಲ. ಮೊದಲಿಗಿಂತ ಮೃದುವಾಗಿ, "ಅಪ್ಪಾ, ಊಟಕ್ಕೆ ಬಾ" ಎನ್ನುತ್ತಿದ್ದಳು. ಒಂದು ಸಲ ಮುನಿಯಬಾರದೆ ಇವಳು, ಎದೆಗೆ ಗುದ್ದಿ ಕೇಳಬಾರದೆ, ಆಗ ತಾನೂ ಕೂಗಿ ನಿಜ ಹೇಳಬಹುದಿತ್ತಲ್ಲ ಎಂದು ಅವನು ಒದ್ದಾಡಿದ. ರಾಮಕ್ಕ ಮಾತ್ರ ಅವನನ್ನು ನಂಬಿದ್ದಳು. ಆದರೆ ಅವಳು ಎಷ್ಟು ಹೇಳಿದರೂ ಪವಿತ್ರ, "ಆಯ್ತು ಬಿಡವ್ವ" ಎಂದು ಮಾತು ಮುಗಿಸುತ್ತಿದ್ದಳು.

ದೀಪಾವಳಿಯ ಹಿಂದಿನ ದಿನ ಅವನು ಮತ್ತೆ ಕೆಲಮಂಗಲದ ಅಂಗಡಿಗೆ ಹೋದ. ಜಗಳಕ್ಕಲ್ಲ. ಅಳಿಯನ ಮುಂದೆ ಕೈಮುಗಿದು, "ನೀನು ಒಂದ್ಸಲ ನಮ್ಮನೆಗೆ ಬಾಪ್ಪಾ. ನಾನು ಕಳೆ ಬರೋದು ಕೇಳ್ದೆ ಅಂತ ನನ್ ಮಗ್ಳಿಗೆ ಒಂದ್ ಮಾತು ಹೇಳು ಸಾಕು. ನಿನ್ ಮ್ಯಾಲೆ ನಂದೇನೂ ತಕರಾರಿಲ್ಲ" ಎಂದ. ಅಳಿಯ ಹೆದರಿದ. ನಷ್ಟ ತುಂಬಿಕೊಡು ಎಂದು ಎಳೆದುಕೊಂಡು ಹೋಗುತ್ತಾರೆ ಎಂದುಕೊಂಡನೋ ಏನೋ. ನೀವು ಪಯಿರಿನಲ್ಲಿ ಕಳೈ ಎಂದಿರಿ, ನಾನು ಕಳೈ ಔಷಧಿ ಕೊಟ್ಟೆ, ಬೇರೆ ಏನೂ ನೀವು ಹೇಳಲಿಲ್ಲ ಎಂದು ಜನರೆದುರಿಗೆ ಗಟ್ಟಿಯಾಗಿ ಹೇಳಿ, ಮುಂದಿನ ಗಿರಾಕಿಯತ್ತ ತಿರುಗಿದ. ವೆಂಕಿಗೆ ಫೋನು ಮಾಡಿದರೆ, "ನಾನಲ್ಲಿ ಇರ್ಲಿಲ್ವಲ್ಲೋ ಕೇಶವ, ಏನಂತ ಹೇಳ್ಲಿ?" ಎಂದ. ಅದೂ ನಿಜವೇ. ಚೆನ್ನಕೇಶವ ಮೊಪೆಡ್ ತಳ್ಳಿಕೊಂಡೇ ಊರಿನ ದಾರಿ ಹಿಡಿದ. ಹತ್ತುವುದು ಅವನಿಗೆ ಮರೆತುಹೋಗಿತ್ತು.

ಹಬ್ಬ ಮುಗಿದ ಸೋಮವಾರ ಪವಿತ್ರ ಹೊಸ ನೀಲಿ ದಾರದ ಕಾರ್ಡು ಹಾಕಿಕೊಂಡಳು. ಕಾಡಿನಂಚಿನಲ್ಲಿ ಆನೆ ಇಳಿದಿದೆ ಎಂದು ಸುದ್ದಿಯಿದ್ದುದರಿಂದ ಚೆನ್ನಕೇಶವ ಟಾರ್ಚು ಹಿಡಿದು ಅವಳ ಜೊತೆ ರಸ್ತೆಯವರೆಗೆ ನಡೆದ. ನಸುಕಿನಲ್ಲಿ ಮಂಜು ಮುಸುಕಿತ್ತು. ಬಲೆಯ ಮಗ್ಗುಲಿನ ಕಾಲುದಾರಿಯಲ್ಲೇ ಹೋದರು. ಸತ್ತ ಸಸಿಗಳ ಟ್ರೇಗಳಲ್ಲಿ ಎಲ್ಲಿಂದಲೋ ಬಂದ ಹುಲ್ಲಿನ ಮೊಳಕೆ ಆಗಲೇ ಹಸಿರಾಗಿ ಎದ್ದಿತ್ತು. ಇಬ್ಬರೂ ನೋಡಿ ಮುಂದೆ ನಡೆದರು.

ಬಸ್ ನಿಲ್ದಾಣದಲ್ಲಿ ಟಾರ್ಚಿನ ಬೆಳಕು ಗೋಡೆಗೆ ಬಿತ್ತು. ಪೋಸ್ಟರಿನಲ್ಲಿ ಪವಿತ್ರ ಹಸಿರು ಟ್ರೇ ಹಿಡಿದು ನಗುತ್ತಿದ್ದಳು. ಯುವಕರನ್ನು ಬನ್ನಿ ಎಂದು ಕರೆಯುವ ದಪ್ಪ ತಮಿಳು ಅಕ್ಷರಗಳು ಅವನಿಗೆ ಓದಲು ಬರಲಿಲ್ಲ, ಮುಖ ಓದಲು ಬಂತು. ಎಂಥ ಕಳೆ ಆ ಮುಖದಲ್ಲಿ! ಅವನು ಬೆಳಕು ಸರಿಸದೆ ನಿಂತುಬಿಟ್ಟ.

"ಟಾರ್ಚ್ ಆರ್ಸಪ್ಪ" ಎಂದಳು ಪವಿತ್ರ ಮೆಲ್ಲಗೆ.

ಆರಿಸಿದ. ಟೀ ಅಂಗಡಿಯ ಮಾತು ಬಾಯಿಯ ತುದಿಗೆ ಬಂತು. ನರ್ಸರಿ ಪವಿತ್ರನ ಅಪ್ಪ ಎಂದು ನನ್ನನ್ನು ಕರೆದರು ಕಣವ್ವ, ನನಗೆ ಎಷ್ಟು ಸಂತೋಷವಾಯಿತು ಗೊತ್ತಾ ಎಂದು ಹೇಳಬೇಕಿತ್ತು. ಈಗ ಹೇಳಿದರೆ ಅದೂ ತಪ್ಪು ಮುಚ್ಚಿಕೊಳ್ಳಲು ಹುಟ್ಟಿಸಿದ ಸುಳ್ಳಿನ ಹಾಗೆ ಕೇಳಿಸೀತು. ದೂರದ ತಿರುವಿನಲ್ಲಿ ಬಸ್ಸಿನ ದೀಪ ಕಂಡಿತು. ಉಳಿದದ್ದು ಒಂದೇ ಮಾತಿನ ಹೊತ್ತು.

"ಬೇಕಂತ ಮಾಡ್ಲಿಲ್ಲ ಕಣವ್ವ. ನಿನ್ ಪೈರು ಚೆಂದಾಗ್ಲಿ ಅಂತ್ಲೇ ಹೊಡ್ದೆ" ಎಂದ.

ಪವಿತ್ರ ಅವನ ಕೈ ಹಿಡಿದುಕೊಂಡಳು. ಹಸುಗೂಸನ್ನು ಸಮಾಧಾನ ಮಾಡುವ ಹಾಗೆ ಬೆನ್ನು ಸವರಿದಳು.

"ಬೇಕಂತ ಮಾಡಿದ್ರೂ ಪರ್ವಾಗಿಲ್ಲ ಬಿಡಪ್ಪ. ನಂಗೇನೂ ಸಿಟ್ಟಿಲ್ಲ. ನೀನ್ ಮೊದ್ಲೇ ಹೇಳ್ತಿದ್ದೆ, ಮಣ್ಣು ಬ್ಯಾಡ ಅಂತ. ನೀನ್ ಹೇಳಿದ್ದೇ ಸರಿ."

ಬಸ್ಸು ಬಂದು ನಿಂತಿತು. ಅವಳು ಹತ್ತಿ ಕಿಟಕಿಯ ಪಕ್ಕ ಕೂತು, ಕೂತ ಕೂಡಲೇ ಕಣ್ಣು ಮುಚ್ಚಿದಳು. ಚೆನ್ನಕೇಶವ, "ಸರಿಯಲ್ಲ ಕಣವ್ವಾ, ನಾನ್ ಹೇಳಿದ್ದು ಸರಿಯಲ್ಲ" ಎನ್ನುತ್ತ ಬಸ್ಸಿನ ಜೊತೆಗೆ ನಾಲ್ಕು ಹೆಜ್ಜೆ ಓಡಿದ. ಕಿಟಕಿಯ ಗಾಜು ಮುಚ್ಚಿತ್ತು.